ತೊಂಡೇಬಾವಿಗೆ ಬರಬೇಕಿದ್ದ ಗಂಧಕ

ತೊಂಡೇಬಾವಿಯ ಕಾರ್ಖಾನೆಯಲ್ಲಿ ಸಿಮೆಂಟನ್ನು ಸುಡುವುದಿಲ್ಲ, ಅರೆಯುತ್ತಾರೆ. ಸುಡುವ ಕೆಲಸ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ. ಅಲ್ಲಿನ ಸುಣ್ಣದ ಕಲ್ಲು ಗೂಡಿನಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಆ ಕ್ಲಿಂಕರ್ ಗೂಡ್ಸ್ ರೈಲು ಹತ್ತಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಗೆ ಬರುತ್ತದೆ. ಇಲ್ಲಿ ಅದಕ್ಕೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿ, ಜಿಪ್ಸಂ ಬೆರೆಸಿ, ನುಣ್ಣಗೆ ಅರೆದು ಚೀಲ ತುಂಬುತ್ತಾರೆ. ವರ್ಷಕ್ಕೆ ಸುಮಾರು 16 ಲಕ್ಷ ಟನ್ ಅರೆಯಲೆಂದು ಎಸಿಸಿ ಕಂಪನಿ ಕಟ್ಟಿದ ಘಟಕ ಇದು. 2022ರಲ್ಲಿ ಆ ಕಂಪನಿ ಅದಾನಿ ಸಮೂಹದ ಕೈಗೆ ಹೋಯಿತು. ಬೆಂಗಳೂರಿನ ಮೇಲ್ಸೇತುವೆಗಳು, ಅಪಾರ್ಟ್‌ಮೆಂಟುಗಳು ಎದ್ದು ನಿಂತಿರುವುದರಲ್ಲಿ ತೊಂಡೇಬಾವಿಯ ಪಾಲೂ ಇದೆ.

ಸಿಮೆಂಟಿಗೆ ಬೆರೆಸುವ ಜಿಪ್ಸಂ ಅಂದರೆ ಸುಣ್ಣದ ಜೊತೆ ಕೂಡಿ ಕಲ್ಲಾದ ಗಂಧಕ. ಅದಿಲ್ಲದಿದ್ದರೆ ನೀರು ಬಿದ್ದ ಕೂಡಲೇ ಸಿಮೆಂಟು ಗಟ್ಟಿಯಾಗಿ, ಗಾರೆ ಕೆಲಸದವರ ಕರಣೆ ಆಡುವಷ್ಟೂ ಬಿಡುವು ಸಿಗುವುದಿಲ್ಲ. ನೂರು ಚೀಲಕ್ಕೆ ಮೂರರಿಂದ ಐದು ಚೀಲದ ತೂಕದಷ್ಟು ಜಿಪ್ಸಂ ಬೇಕು. ನಾಲ್ಕರ ಲೆಕ್ಕ ಹಿಡಿದರೆ, ಪೂರ್ತಿ ಸಾಮರ್ಥ್ಯದಲ್ಲಿ ಓಡುವ ತೊಂಡೇಬಾವಿಯಂಥ ಘಟಕಕ್ಕೆ ವರ್ಷಕ್ಕೆ 60 ಸಾವಿರ ಟನ್‌ಗೂ ಮೀರಿ ಬೇಕು. ಈ ದೇಶದ ಸಿಮೆಂಟ್ ಕಾರ್ಖಾನೆಗಳು ಜಿಪ್ಸಂಗಾಗಿ ರಾಜಸ್ಥಾನದ ನೆಲ ಅಗೆಯುತ್ತವೆ. ಅದು ಸಾಲದೆ ಒಮಾನ್, ಇರಾನ್‌ಗಳಿಂದ ಹಡಗಿನಲ್ಲಿ ತರಿಸುತ್ತವೆ.

ಗಂಧಕ ಹೀಗೆ ಸಮುದ್ರ ದಾಟಿ ದುಡ್ಡಿಗೆ ಬರುತ್ತದೆ. ಅದೇ ಹೊತ್ತಿಗೆ ನಮ್ಮದೇ ರಾಜ್ಯದ ಚಿಮಣಿಗಳಿಂದ ಅದೇ ಗಂಧಕ ವಿಷವಾಗಿ ಆಕಾಶ ಸೇರಿ, ಅದೇ ಸಮುದ್ರದ ಮೇಲಕ್ಕೆ ಹೋಗಿ ಹರಡುತ್ತದೆ. ನನ್ನ ಸಿಟ್ಟು ಇದರ ಮೇಲೆ. ಇದು ತಂತ್ರಜ್ಞಾನ ಇಲ್ಲದ್ದರಿಂದ ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ಆಳುವವರು ಕೂತು, ಬರೆದು, ಸಹಿ ಹಾಕಿ ತೆಗೆದುಕೊಂಡ ತೀರ್ಮಾನ.

ಲೆಕ್ಕ ಮಾಡೋಣ. ಒಂದು ಗೂಡ್ಸ್ ರೇಕಿನಲ್ಲಿ ಸುಮಾರು 4,000 ಟನ್ ಕಲ್ಲಿದ್ದಲು ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ. ನೂರಕ್ಕೆ ಅರ್ಧ ಪಾಲು ಎಂದಿಟ್ಟುಕೊಂಡರೆ ರೇಕಿಗೆ 20 ಟನ್. ಉರಿದಾಗ ಅದು ತನ್ನಷ್ಟೇ ತೂಕದ ಆಮ್ಲಜನಕವನ್ನು ಕೂಡಿಕೊಂಡು 40 ಟನ್ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಆ ಹೊಗೆಯನ್ನು ಚಿಮಣಿ ಹತ್ತಿಸುವ ಮುನ್ನ ಸುಣ್ಣದ ಕಲ್ಲಿನ ಪುಡಿ ಕಲಸಿದ ನೀರಿನಲ್ಲಿ ತೊಳೆದರೆ ನೂರು ಟನ್ನಿನಷ್ಟು ಜಿಪ್ಸಂ ಕೈಗೆ ಸಿಗುತ್ತದೆ. ಈ ತೊಳೆಯುವ ಗೋಪುರಕ್ಕೆ ಎಂಜಿನಿಯರುಗಳು ಎಫ್‌ಜಿಡಿ ಎನ್ನುತ್ತಾರೆ. ರಾಯಚೂರಿನ ಶಕ್ತಿನಗರದ ಸ್ಥಾವರ 1,720 ಮೆಗಾವಾಟ್‌ನದು. ಪೂರ್ತಿ ಹೊರೆಯಲ್ಲಿ ಓಡಿದರೆ ದಿನಕ್ಕೆ ಏಳೆಂಟು ರೇಕ್ ಕಲ್ಲಿದ್ದಲು ಅದಕ್ಕೆ ಬೇಕು. ಮೂರು ತಿಂಗಳು ಅದು ಉಗುಳುವ ಗಂಧಕವನ್ನು ಹಿಡಿದಿಟ್ಟರೆ ತೊಂಡೇಬಾವಿಯಂಥ ಘಟಕಕ್ಕೆ ವರ್ಷವಿಡೀ ಸಾಕಾಗುವ ಜಿಪ್ಸಂ ಆಗುತ್ತದೆ. ತೊಳೆಯಲು ಬೇಕಾದ ಸುಣ್ಣದ ಕಲ್ಲು ವಾಡಿ, ಸೇಡಂಗಳ ನೆಲದಲ್ಲಿದೆ. ಒಯ್ಯಲು ರೈಲು ಹಳಿ ಇದೆ. ವಾಡಿಯಿಂದ ಕೃಷ್ಣೆ ದಾಟಿ, ರಾಯಚೂರು, ಗುಂತಕಲ್, ಧರ್ಮಾವರಂ, ಹಿಂದೂಪುರ ಹಾದು ಗೌರಿಬಿದನೂರಿಗೆ ಬರುವ ಹಳಿ ಅದು. ಕಲ್ಲಿದ್ದಲ ಬೂದಿಯನ್ನು ಸಿಮೆಂಟಿಗೆ ಬೆರೆಸಿ ಮಾರಲು ಬಂದ ಜಾಣ್ಮೆ ಕಲ್ಲಿದ್ದಲ ಗಂಧಕದ ವಿಷಯಕ್ಕೆ ಬಂದಾಗ ಯಾಕೆ ಸತ್ತುಹೋಗುತ್ತದೆ? ಶಕ್ತಿನಗರದ ಚಿಮಣಿಗಳ ಬುಡದಲ್ಲಿ ಆ ತೊಳೆಯುವ ಗೋಪುರ ಇಲ್ಲ. ಅಲ್ಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ.

ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಒಂದು ಅಧಿಸೂಚನೆ ಹೊರಡಿಸಿತು. ಕಲ್ಲಿದ್ದಲ ಸ್ಥಾವರಗಳು ಎರಡು ವರ್ಷದೊಳಗೆ ತಮ್ಮ ಹೊಗೆಯ ಗಂಧಕಕ್ಕೆ ಮಿತಿ ಹಾಕಿಕೊಳ್ಳಬೇಕು ಎಂದಿತು. 2017 ಬಂತು, ಗಡುವು 2022ಕ್ಕೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಎ, ಬಿ, ಸಿ ಎಂದು ಮೂರು ಪಂಕ್ತಿಯಲ್ಲಿ ಕೂರಿಸಿದರು. 2022ರಲ್ಲಿ ಮತ್ತೆ ಗಡುವು ಮುಂದಕ್ಕೆ, 2024ರ ಡಿಸೆಂಬರ್ ಕೊನೆಗೆ ಮತ್ತೆ ಮುಂದಕ್ಕೆ. ಆಮೇಲೆ 2025ರ ಜುಲೈ 11ರಂದು ಗಡುವಿನ ಕಾಟವನ್ನೇ ತೆಗೆದುಹಾಕಿದರು. ಸಿ ವರ್ಗಕ್ಕೆ, ಅಂದರೆ ದೇಶದ ಸುಮಾರು ಶೇ 78ರಷ್ಟು ಘಟಕಗಳಿಗೆ, ಗಂಧಕದ ಮಿತಿಯಿಂದ ವಿನಾಯಿತಿ ಸಿಕ್ಕಿತು. ಬಿ ವರ್ಗದ್ದನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರಂತೆ. ಎ ವರ್ಗ ಮಾತ್ರ 2027ರ ಡಿಸೆಂಬರ್ ಒಳಗೆ ಪಾಲಿಸಬೇಕು.

ಎ ವರ್ಗಕ್ಕೆ ಸೇರುವವರು ಯಾರು? ದೆಹಲಿ ರಾಜಧಾನಿ ವಲಯದ ಅಥವಾ ಹತ್ತು ಲಕ್ಷ ಜನಸಂಖ್ಯೆ ಮೀರಿದ ನಗರದ ಹತ್ತು ಕಿಲೋಮೀಟರ್ ಒಳಗಿರುವ ಸ್ಥಾವರಗಳು. ಈ ದೇಶದಲ್ಲಿ ಉಸಿರಿಗೂ ಜನಗಣತಿ ಕೇಳುತ್ತಾರೆ. ಹತ್ತು ಲಕ್ಷ ಜನ ಒಟ್ಟಿಗೆ ಕೆಮ್ಮಿದರೆ ಅದು ಕೆಮ್ಮು. ಶಕ್ತಿನಗರದ ಪಕ್ಕದ ದೇವಸೂಗೂರಿನವರು ಕೆಮ್ಮಿದರೆ, ಯರಮರಸ್ ಸ್ಥಾವರದ ಪಕ್ಕದ ಏಗನೂರಿನವರು ಕೆಮ್ಮಿದರೆ ಅದು ಯಾವ ವರ್ಗಕ್ಕೂ ಸೇರದ ಸದ್ದು. ಊರಾಚೆಯ ಕೇರಿಗೆ ಒಂದು ಗಾಳಿ, ಊರೊಳಗಿನ ಬೀದಿಗೆ ಒಂದು ಗಾಳಿ ಎಂದು ಸಾವಿರ ವರ್ಷ ವಿಂಗಡಿಸಿದ ಬುದ್ಧಿ ಈಗ ಭೂಪಟದ ಮೇಲೆ ಕೈವಾರ ಹಿಡಿದು ವೃತ್ತ ಎಳೆಯುತ್ತಿದೆ.

ಆ ವೃತ್ತ ವಿಜ್ಞಾನಕ್ಕೂ ಅವಮಾನ. ಚಿಮಣಿಯಿಂದ ಹೊರಟ ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಉಳಿಯುವುದು ಒಂದೆರಡು ದಿನ. ಅಷ್ಟರಲ್ಲಿ ಅದು ಗಾಳಿಯಲ್ಲಿನ ತೇವ, ಅಮೋನಿಯಾಗಳ ಜೊತೆ ಕೂಡಿ ಸಲ್ಫೇಟ್ ಎಂಬ ಅತಿ ಸಣ್ಣ ಕಣವಾಗುತ್ತದೆ. ಪಿಎಂ 2.5 ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದರೊಳಗೆ ಈ ಕಣವೂ ಸೇರಿದೆ. ಮಳೆ ತೊಳೆಯದಿದ್ದರೆ ಅದು ವಾರದವರೆಗೂ ಗಾಳಿಯಲ್ಲಿ ತೇಲುತ್ತದೆ. ವಾರದಲ್ಲಿ ಗಾಳಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಸಾವಿರ ಕಿಲೋಮೀಟರ್ ನಡೆಯುವ ವಿಷಕ್ಕೆ ಹತ್ತು ಕಿಲೋಮೀಟರಿನ ಬೇಲಿ ಹಾಕಿದವರು ಅದನ್ನು ತಡೆಯಬೇಕೆಂದು ಹಾಕಿದ್ದಲ್ಲ.

ಈ ವಿನಾಯಿತಿಗೆ ಸರ್ಕಾರ ಕೊಟ್ಟ ಮೊದಲ ಕಾರಣ, ಸ್ಥಾವರಗಳ ಸುತ್ತ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು. ನಮ್ಮ ಮಿತಿ ದಿನಕ್ಕೆ ಘನ ಮೀಟರಿಗೆ 80 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 40. ಅದು ಹಾಗಿರಲಿ. ಬುಡದಲ್ಲಿ ಕಡಿಮೆ ಇರುವುದು ಯಾಕೆ? 500 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕದ ಚಿಮಣಿ 275 ಮೀಟರ್ ಎತ್ತರ ಇರಬೇಕೆಂದು ನಿಯಮವೇ ಇದೆ. ಅಷ್ಟೆತ್ತರದಿಂದ ಬಿಟ್ಟ ಹೊಗೆ ಬುಡಕ್ಕೆ ಬೀಳದೆ ದೂರ ಹೋಗಲಿ ಎಂದೇ ಆ ಎತ್ತರ. ತನ್ನ ಮನೆಯ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸಿದವನು ತನ್ನ ಅಂಗಳ ತೋರಿಸಿ ಶುದ್ಧ ಎನ್ನುವ ಮಾತು ಇದು. ಗಂಧಕವನ್ನು ಅಳೆದದ್ದು ಅನಿಲವಾಗಿ, ಜನ ಉಸಿರಾಡುವುದು ಕಣವಾಗಿ. ಅಳೆದ ಜಾಗ ಒಂದು, ಬಿದ್ದ ಜಾಗ ಇನ್ನೊಂದು. 2025ರ ಅಧಿಸೂಚನೆ ವಿನಾಯಿತಿಗೆ ಒಂದು ಷರತ್ತನ್ನೂ ಹಾಕಿದೆ, ಓದಿ: ಚಿಮಣಿ ನಿಗದಿತ ಎತ್ತರ ಇರಬೇಕು. ಗಂಧಕ ಹಿಡಿಯಬೇಕಿಲ್ಲ, ಎತ್ತರದಿಂದ ಎಸೆದರೆ ಸಾಕು ಎಂದು ಕಾನೂನೇ ಹೇಳಿದ ಹಾಗಾಯಿತು.

ಈ ಎತ್ತರದ ಚಿಮಣಿಯ ಮೋಸ ಹೊಸದೇನಲ್ಲ. ಬ್ರಿಟನ್ ಇದನ್ನು ಐವತ್ತು ಅರುವತ್ತು ವರ್ಷದ ಹಿಂದೆಯೇ ಮಾಡಿತ್ತು. ಅಲ್ಲಿನ ಕಲ್ಲಿದ್ದಲ ಹೊಗೆ ಉತ್ತರ ಸಮುದ್ರ ದಾಟಿ ನಾರ್ವೆ, ಸ್ವೀಡನ್‌ಗಳ ಕೆರೆಗಳಲ್ಲಿ ಆಮ್ಲ ಮಳೆಯಾಗಿ ಬಿತ್ತು, ಮೀನು ಸತ್ತವು. 1967ರಲ್ಲಿ ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಓಡೆನ್ ಇದನ್ನು ಬಯಲಿಗಿಟ್ಟರು, ಅದೂ ದಿನಪತ್ರಿಕೆಯಲ್ಲಿ, ಜನಸಾಮಾನ್ಯರು ಓದುವ ಭಾಷೆಯಲ್ಲಿ. ನಮ್ಮ ವಿಜ್ಞಾನಿಗಳೂ ಹೀಗೆ ಕನ್ನಡದ ಪತ್ರಿಕೆಗೆ ಬಂದು ಕೂಗಿ ಹೇಳುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಪ್ಪಂದವಾಯಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ ಗಂಧಕವನ್ನು ಶೇ 30ರಷ್ಟು ಇಳಿಸುವ ಮಾತಾಯಿತು, ಬ್ರಿಟನ್ ಅದಕ್ಕೆ ಸಹಿ ಹಾಕಲಿಲ್ಲ. ಮರುವರ್ಷ ಒತ್ತಡ ತಡೆಯಲಾರದೆ ಬಗ್ಗಿತು. ಡ್ರ್ಯಾಕ್ಸ್ ಎಂಬ ದೈತ್ಯ ಸ್ಥಾವರಕ್ಕೆ ತೊಳೆಯುವ ಗೋಪುರ ಬಂತು. ಅಲ್ಲಿ ಸಿಕ್ಕ ಜಿಪ್ಸಂ ಮನೆಗಳ ಗೋಡೆಹಲಗೆಯಾಯಿತು. ನಾರ್ವೆಯವರು ತಮ್ಮ ಕೆರೆಗಾಗಿ ಜಗಳ ಕಾದರು ಎಂಬುದನ್ನು ಕೆರೆಯ ನಾಡಾದ ಚಿಕ್ಕಬಳ್ಳಾಪುರದವರು ಮರೆಯಬಾರದು.

ಈಗ ನಮ್ಮ ಸಮುದ್ರಕ್ಕೆ ಬನ್ನಿ. ನವೆಂಬರಿನಿಂದ ಮಾರ್ಚ್‌ವರೆಗೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ಗಂಗೆಯ ಬಯಲು, ದಖ್ಖನ್ ಎರಡನ್ನೂ ಗುಡಿಸಿಕೊಂಡು ಅರಬ್ಬಿ ಸಮುದ್ರದತ್ತ, ಹಿಂದೂ ಮಹಾಸಾಗರದತ್ತ ಸಾಗುತ್ತದೆ. ಆಗ ಮಳೆ ಕಡಿಮೆ, ತೊಳೆಯುವವರಿಲ್ಲ. 1999ರ ಜನವರಿಯಿಂದ ಮಾರ್ಚ್‌ವರೆಗೆ ಹಲವು ದೇಶಗಳ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮಾಲ್ಡೀವ್ಸ್ ದ್ವೀಪಗಳಲ್ಲಿ ಬೀಡುಬಿಟ್ಟು ವಿಮಾನ, ಹಡಗುಗಳಲ್ಲಿ ಈ ಗಾಳಿಯನ್ನು ಅಳೆದರು. ಇಂಡೊಎಕ್ಸ್ ಎಂಬ ಆ ಪ್ರಯೋಗವನ್ನು ಮುನ್ನಡೆಸಿದವರಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದೇ ಸಂಸ್ಥೆಯ ಎಸ್.ಕೆ. ಸತೀಶ್ ಅವರೂ ಆ ಅಳತೆಗಳ ಮೇಲೆ ಕೆಲಸ ಮಾಡಿದರು. ಅವರು ಕಂಡದ್ದು, ಸಮುದ್ರದ ಮೇಲೆ ಮೂರು ಕಿಲೋಮೀಟರ್ ಎತ್ತರದವರೆಗೂ ಕವಿದ ಕಂದು ಮಬ್ಬು. ಭೂಮಧ್ಯರೇಖೆಯ ಆಸುಪಾಸಿನವರೆಗೂ ಅದು ಹಬ್ಬಿತ್ತು. ಕಾಶಿಧೂ ಎಂಬ ಪುಟ್ಟ ದ್ವೀಪದ ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಸುಮಾರು ಮೂರನೇ ಒಂದು ಪಾಲು ಸಲ್ಫೇಟ್. ಕಲ್ಲಿದ್ದಲನ್ನೇ ಸುಡದ ದ್ವೀಪ ಅದು.

ಆ ಕಂದು ಮಬ್ಬಿನ ಮಾತು ಬಂದಾಗಲೆಲ್ಲ ಬಡವರ ಒಲೆಯ ಕಡೆ ಬೆರಳು ತೋರಿಸುವವರಿದ್ದಾರೆ. ಒಲೆಯ ಹೊಗೆಯಲ್ಲಿ ಮಸಿ ಇದೆ, ಅದು ಮೊದಲು ಊದುವ ಹೆಂಗಸಿನ ಎದೆಗೇ ಹೋಗುತ್ತದೆ, ಅದನ್ನು ನಿಲ್ಲಿಸಬೇಕು, ಒಪ್ಪುತ್ತೇನೆ. ಆದರೆ ಸೌದೆಯಲ್ಲಿ ಗಂಧಕ ಅತ್ಯಲ್ಪ. ಸಮುದ್ರದ ಮೇಲಿನ ಸಲ್ಫೇಟ್ ರಾಗಿ ಮುದ್ದೆ ಬೇಯಿಸಿದ ಒಲೆಯಿಂದ ಬಂದದ್ದಲ್ಲ. ಅದು ಕಲ್ಲಿದ್ದಲಿನದು, ಎಣ್ಣೆಯದು. ಅದರ ಒಡೆಯರಿಗೆ ಕಂಪನಿ ಇದೆ, ಷೇರು ಇದೆ, ವಿಳಾಸ ಇದೆ. 2017ರಲ್ಲಿ ನಾಸಾ ಉಪಗ್ರಹದ ಅಳತೆಗಳನ್ನು ಆಧರಿಸಿದ ಅಧ್ಯಯನವೊಂದು, 2007ರಿಂದೀಚೆಗೆ ಚೀನಾ ತನ್ನ ಸಲ್ಫರ್ ಡೈಆಕ್ಸೈಡನ್ನು ಶೇ 75ರಷ್ಟು ಇಳಿಸಿತು, ಭಾರತದ್ದು ಶೇ 50ರಷ್ಟು ಏರಿತು ಎಂದು ತೋರಿಸಿತು. ಚೀನಾದವರು ಕಲ್ಲಿದ್ದಲು ಸುಡುವುದನ್ನು ಬಿಟ್ಟಿರಲಿಲ್ಲ, ಗಂಧಕ ತೊಳೆಯುವುದನ್ನು ಶುರುಮಾಡಿದ್ದರು.

ಗಂಧಕ ತೊಳೆಯದಿರಲು ಹೇಳುವ ಇನ್ನೊಂದು ಕಾರಣವನ್ನು ಕೇಳಿದಾಗ ನನ್ನ ಮೈ ಉರಿಯಿತು. ಸಲ್ಫೇಟ್ ಕಣ ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ, ಭೂಮಿಯನ್ನು ತಂಪಾಗಿಡುತ್ತದೆ, ಅದನ್ನು ತೆಗೆದರೆ ತಾಪ ಏರುತ್ತದೆ ಎಂಬ ವಾದ. ಅದರಲ್ಲಿ ಭೌತಶಾಸ್ತ್ರ ಸುಳ್ಳಲ್ಲ. 2020ರ ಲಾಕ್‌ಡೌನ್‌ನಲ್ಲಿ ಸಲ್ಫೇಟ್ ಇಳಿದಾಗ ನೆಲಕ್ಕೆ ಬಿಸಿಲು ಹೆಚ್ಚಿದ್ದನ್ನು ಮಾಲ್ಡೀವ್ಸ್‌ನ ಹನಿಮಾಧೂ ವೀಕ್ಷಣಾಲಯ ದಾಖಲಿಸಿದೆ. ಆದರೆ ಆ ತಂಪು ಯಾರ ಎದೆಗೂಡಿನ ಮೂಲಕ ಹಾದು ಬರುತ್ತದೆ? ಬಡವರ ಶ್ವಾಸಕೋಶವನ್ನು ದೇಶದ ಕೊಡೆ ಮಾಡಿಕೊಳ್ಳಲು ಯಾವ ಸಂವಿಧಾನ ಅನುಮತಿ ಕೊಟ್ಟಿದೆ? ತಾಪ ಏರಿಸುತ್ತಿರುವುದು ಅದೇ ಚಿಮಣಿಯ ಇಂಗಾಲ. ಅದು ನೂರಾರು ವರ್ಷ ಆಕಾಶದಲ್ಲಿ ಉಳಿಯುತ್ತದೆ, ಗಂಧಕ ವಾರದಲ್ಲಿ ಬೀಳುತ್ತದೆ. ಈ ತಂಪನ್ನು ಉಳಿಸಿಕೊಳ್ಳಬೇಕಾದರೆ ಪ್ರತಿ ವಾರ ಹೊಸ ವಿಷ ಬಿಡುತ್ತಲೇ ಇರಬೇಕು. ತೊಳೆಯುವ ಗೋಪುರವೇ ಇಂಗಾಲ ಹೆಚ್ಚಿಸುತ್ತದೆ ಎಂದೂ ಹೇಳುತ್ತಾರೆ. ಒಂದು ರೇಕ್ ಕಲ್ಲಿದ್ದಲ ಗಂಧಕ ತೊಳೆಯುವಾಗ ಸುಣ್ಣದ ಕಲ್ಲಿನಿಂದ ಬಿಡುಗಡೆಯಾಗುವ ಇಂಗಾಲದ ಡೈಆಕ್ಸೈಡ್ 30 ಟನ್ನಿಗೂ ಕಡಿಮೆ. ಆ ರೇಕ್ ಉರಿದಾಗ ಬರುವುದು 5,000 ಟನ್ನಿಗೂ ಹೆಚ್ಚು. ಗೋಪುರ ಓಡಿಸಲು ನೂರಕ್ಕೆ ಒಂದೆರಡು ಪಾಲು ವಿದ್ಯುತ್ ಬೇಕು, ಅದನ್ನೂ ಸೇರಿಸಿಕೊಳ್ಳಿ. ಐದು ಸಾವಿರವನ್ನು ನುಂಗಿ ನೀರು ಕುಡಿದವರು ಮೂವತ್ತರ ಬಗ್ಗೆ ನಮಗೆ ಪಾಠ ಹೇಳಬೇಕಿಲ್ಲ.

ತಂಪಿಗೆ ಇನ್ನೊಂದು ಬೆಲೆಯೂ ಇದೆ. ಸಮುದ್ರದ ಮೇಲೆ ಬಿಸಿಲು ಕಡಿಮೆ ಬಿದ್ದರೆ ನೀರು ಆವಿಯಾಗುವುದೂ ಕಡಿಮೆ. ಮುಂಗಾರನ್ನು ಎಳೆದು ತರುವ ಶಾಖದ ಅಂತರ ಕುಗ್ಗುತ್ತದೆ. 2005ರಲ್ಲಿ ರಾಮನಾಥನ್ ಮತ್ತು ಸಂಗಡಿಗರು, 2011ರಲ್ಲಿ ಇನ್ನೊಂದು ತಂಡ, ಈ ಕಣಗಳು ದಕ್ಷಿಣ ಏಷ್ಯಾದ ಮುಂಗಾರನ್ನು ದುರ್ಬಲಗೊಳಿಸುತ್ತವೆ ಎಂದು ತೋರಿಸಿದರು. ಗೌರಿಬಿದನೂರಿನ ಯಾವುದೋ ಒಂದು ವರ್ಷದ ಬರವನ್ನು ಇದಕ್ಕೇ ಕಟ್ಟಲು ಬರುವುದಿಲ್ಲ, ನಾನು ಕಟ್ಟುವುದೂ ಇಲ್ಲ. ಆದರೆ ನಮ್ಮ ಜಿಲ್ಲೆ ಯಾವುದು ನೋಡಿ. ನಂದಿಯ ಸೀಮೆಯಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಹೊಳೆ ಅನ್ನಿಸಿಕೊಂಡರೂ ವರ್ಷದ ಬಹುಪಾಲು ಮರಳು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡ್. ಮಳೆ ಬಂದರೆ ಕೆರೆ, ಕೆರೆ ತುಂಬಿದರೆ ರಾಗಿ, ನೆಲಗಡಲೆ. ಮಳೆಯೊಂದನ್ನೇ ನಂಬಿ ಬದುಕುವ ಜನರ ಮಳೆಯ ಜೊತೆ ಆಟ ಆಡುವ ಹಕ್ಕು ಯಾರಿಗೂ ಇಲ್ಲ.

ಈ ಗಾಳಿಯ ದಾರಿಯಲ್ಲಿ ನಮ್ಮ ತಾಲ್ಲೂಕೂ ಇದೆ. ಗೌರಿಬಿದನೂರಿನ ಈಶಾನ್ಯಕ್ಕೆ, ಕಡಪ ಜಿಲ್ಲೆಯ ಮುದ್ದನೂರಿನ ಬಳಿ, 1,650 ಮೆಗಾವಾಟ್‌ನ ರಾಯಲಸೀಮಾ ಉಷ್ಣ ಸ್ಥಾವರ ನಿಂತಿದೆ. ಚಳಿಗಾಲದ ಗಾಳಿ ಅಲ್ಲಿಂದ ಇತ್ತ ಬಂದು, ಪಶ್ಚಿಮ ಘಟ್ಟ ದಾಟಿ, ಸಮುದ್ರಕ್ಕೆ ಇಳಿಯುತ್ತದೆ. ಆಂಧ್ರದ ಹೊಗೆ ನಮ್ಮ ಮೇಲೆ ಹಾದು ಹೋಗುತ್ತದೆ, ನಮ್ಮ ಹೊಗೆ ಲಕ್ಷದ್ವೀಪದ ಮೇಲೆ, ಮಾಲ್ಡೀವ್ಸ್‌ನ ಮೇಲೆ. ತೊಂಡೇಬಾವಿಯ ಹೆಣ್ಣುಮಗಳಿಗೆ ದಮ್ಮು ಬಂದು ಆಸ್ಪತ್ರೆಗೆ ಹೋದರೆ ಚೀಟಿಯಲ್ಲಿ ಯಾವ ಚಿಮಣಿಯ ಹೆಸರೂ ಇರುವುದಿಲ್ಲ. ಸಿಮೆಂಟ್ ದೂಳು ಕಣ್ಣಿಗೆ ಕಾಣುತ್ತದೆ, ಅದರ ಬಗ್ಗೆ ಕೂಗಾಡಬಹುದು. ನೂರಾರು ಮೈಲಿಯಿಂದ ಬಂದ ಸಲ್ಫೇಟ್ ಕಾಣುವುದಿಲ್ಲ. ಕಾಣದ್ದರಿಂದಲೇ ಅದು ಆಳುವವರಿಗೆ ಅನುಕೂಲ.

1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಭೂಕಂಪನ ಮಾಪಕಗಳ ಸಾಲು ಸ್ಥಾಪಿಸಿತು. ದೂರದ ಯಾವುದೋ ದೇಶ ನೆಲದಡಿ ಅಣುಬಾಂಬ್ ಸಿಡಿಸಿದರೆ ಅದರ ನಡುಕ ಇಲ್ಲಿ ದಾಖಲಾಗುತ್ತದೆ. ಇದೇ ಗೌರಿಬಿದನೂರಿನಲ್ಲಿ ಸೂರ್ಯನ ರೇಡಿಯೊ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವೂ ಇದೆ. ಕೇಳಬೇಕೆಂದು ಮನಸ್ಸು ಮಾಡಿದರೆ ಪ್ರಭುತ್ವ ಸಾವಿರಾರು ಮೈಲಿ ಆಚೆಯದನ್ನೂ, ಕೋಟ್ಯಂತರ ಮೈಲಿ ಆಚೆಯದನ್ನೂ ಕೇಳಬಲ್ಲದು. ಪ್ರತಿ ಪಂಚಾಯಿತಿಯ ಉಸಿರಿನಲ್ಲಿ ಎಷ್ಟು ಸಲ್ಫೇಟ್ ಇದೆ ಎಂದು ಅಳೆದು ಶಾಲೆಯ ಗೋಡೆಗೆ ಬರೆಯುವುದು ಅದಕ್ಕಿಂತ ಕಷ್ಟದ ಕೆಲಸವೇ?

ವಿದ್ಯುತ್ ದರ ಏರುತ್ತದೆ ಎಂದು ಹೆದರಿಸುತ್ತಾರೆ. ತೊಳೆಯುವ ಗೋಪುರಕ್ಕೆ ದುಡ್ಡು ಬೇಕು ನಿಜ. ಆದರೆ ತೊಳೆಯದೆ ಬಿಟ್ಟರೆ ಆ ದುಡ್ಡು ಉಳಿಯುವುದಿಲ್ಲ, ಔಷಧಿ ಅಂಗಡಿಯಲ್ಲಿ, ಕೂಲಿ ತಪ್ಪಿದ ದಿನಗಳಲ್ಲಿ, ಬಡವರ ಜೇಬಿನಿಂದ ಹೋಗುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನ ಸ್ಥಾವರಕ್ಕೆ ಗಂಧಕ ತೊಳೆಯುವ ಯಂತ್ರ ಬಂದಿದೆ. ಹಾಗೆಂದು ಅಲ್ಲಿನವರ ಗೋಳು ತೀರಲಿಲ್ಲ. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠ ಆ ಸ್ಥಾವರಕ್ಕೆ 52 ಕೋಟಿ ರೂಪಾಯಿ ಪರಿಹಾರ ಕಟ್ಟಲು ಹೇಳಿತು. ವಿಜಯಪುರದ ಕೂಡಗಿಯಲ್ಲಿ 2014ರ ಜುಲೈನಲ್ಲಿ ಸ್ಥಾವರ ಬೇಡವೆಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಾವುಟ ಹಿಡಿದವರ ಮೇಲೆ 1938ರ ಏಪ್ರಿಲ್ 25ರಂದು ಗುಂಡು ಹಾರಿದ ವಿದುರಾಶ್ವತ್ಥ ನಮ್ಮ ತಾಲ್ಲೂಕಿನದೇ. ಗುಂಡಿಗೆ ಎದೆ ಕೊಟ್ಟವರ ಊರಿನವರಿಗೆ ಅರ್ಜಿ ಬರೆಯಲು ಹೆದರಿಕೆ ಏಕೆ?

ಕೇಂದ್ರ ಹೇಳಿರುವುದು ಯಂತ್ರ ಹಾಕದಿದ್ದರೂ ನಡೆಯುತ್ತದೆ ಎಂದು. ಹಾಕಬಾರದು ಎಂದು ಎಲ್ಲೂ ಹೇಳಿಲ್ಲ. ಶಕ್ತಿನಗರ ಮತ್ತು ಬಳ್ಳಾರಿ ಬಳಿಯ ಕುಡಿತಿನಿಯ ಸ್ಥಾವರಗಳು ಕರ್ನಾಟಕ ಪವರ್ ಕಾರ್ಪೊರೇಷನ್‌ನವು, ಅಂದರೆ ನಮ್ಮ ರಾಜ್ಯ ಸರ್ಕಾರದವು. 1981ರ ವಾಯು ಕಾಯ್ದೆ ಚಿಮಣಿಯ ಹೊಗೆಗೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಟ್ಟಿದೆ. ಕೇಂದ್ರದ ಮಿತಿಗಿಂತ ಬಿಗಿಯಾದದ್ದನ್ನು ಅದು ಗೊತ್ತುಮಾಡಬಹುದು. ದೆಹಲಿಯನ್ನು ಬೈಯುತ್ತಾ ಕೂರುವ ಬೆಂಗಳೂರಿನ ಮಂತ್ರಿಗಳು ಮೊದಲು ತಮ್ಮ ಕೈಯಲ್ಲಿರುವ ಚಿಮಣಿಗಳ ಲೆಕ್ಕ ಕೊಡಲಿ.

ತೊಂಡೇಬಾವಿಯ, ಗೌರಿಬಿದನೂರಿನ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಶಕ್ತಿನಗರ, ಕುಡಿತಿನಿಗಳ ಗಂಧಕವನ್ನು ತೊಳೆದು ಜಿಪ್ಸಂ ಮಾಡಿ ರೈಲಿನಲ್ಲಿ ಕಳಿಸಿ ಎಂದು ಠರಾವು ಬರೆಸಿ, ಸಹಿ ಹಾಕಿಸಿ, ನಕಲನ್ನು ರಾಯಚೂರಿನ ದೇವಸೂಗೂರಿನವರಿಗೂ ಕಳಿಸಿ. ಮಂಡಳಿಗೆ ಕಳಿಸಿದ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರುವುದನ್ನು ಮರೆಯಬೇಡಿ.